ಪಾಕಜವಿಚಾರವು: ಮಸ್ಕಿಯ ಮೃತ್ಪಾತ್ರಗಳೂ ಲೋಹಾಕ್ಸೈಡಿನ ಸೂಕ್ಷ್ಮಕಣಗಳೂ

ಹಸಿಯ ಘಟವು ಶ್ಯಾಮವರ್ಣದ್ದು. ಅದೇ ಆವಿಗೆಯಲ್ಲಿ ಬೆಂದ ಬಳಿಕ ರಕ್ತವರ್ಣದ್ದಾಗುವುದು. ಈ ದೃಷ್ಟಾಂತವು ತರ್ಕಶಾಸ್ತ್ರವನ್ನು ಅಭ್ಯಸಿಸಿದವರೆಲ್ಲರಿಗೂ ಸುವಿದಿತವಾದುದು. ತೇಜಸ್ಸಂಯೋಗವೇ ಪಾಕವೆಂದೂ, ಪೃಥಿವಿಯ ರೂಪ, ರಸ, ಗಂಧ, ಸ್ಪರ್ಶಗಳೆಂಬ ನಾಲ್ಕು ಗುಣಗಳು ಪಾಕಜಗಳೆಂದೂ ಶಾಸ್ತ್ರಕಾರರು ನಿರೂಪಿಸಿರುವರು. ಆದರೆ ಈ ಪಾಕವು ನಡೆಯುವುದು ಪರಮಾಣುಗಳಲ್ಲಿಯೋ, ಘಟವೆಂಬ ಅವಯವಿಯಲ್ಲಿಯೋ ಎಂಬ ವಿಷಯದಲ್ಲಿ ಮತಭೇದವುಂಟು.

ವೈಶೇಷಿಕರು ಪೀಲುಪಾಕವಾದಿಗಳು. ಅಗ್ನಿಸಂಯೋಗದಿಂದ ಘಟವು ಪರಮಾಣುಪರ್ಯಂತ ವಿಘಟಿತವಾಗಿ, ಪರಮಾಣುಗಳಲ್ಲಿ ಹೊಸ ರೂಪವು ಹುಟ್ಟಿ, ಅವು ಪುನಃ ಕೂಡಿ ಹೊಸ ಘಟವಾಗುವುದೆಂದು ಇವರ ಮತವು. ಈ ಪ್ರಕ್ರಿಯೆಗೆ ಒಂಬತ್ತು ಕ್ಷಣಗಳೋ ಹತ್ತು ಕ್ಷಣಗಳೋ ಎಂದು ಎಣಿಕೆ ಹಾಕಿದವರೂ ಉಂಟು. ನೈಯಾಯಿಕರಾದರೋ ಪಿಠರಪಾಕವಾದಿಗಳು. 'ಅದೇ ಈ ಘಟ' ಎಂಬ ಪ್ರತ್ಯಭಿಜ್ಞೆಯು ಬಾಧಿತವಾಗದುದರಿಂದ ಘಟವು ನಾಶವಾಗುವುದಿಲ್ಲ. ಅವಯವಿಯು ಸಚ್ಛಿದ್ರವಾದುದರಿಂದ ತೇಜಸ್ಸು ರಂಧ್ರಗಳ ಮೂಲಕ ಒಳಹೊಕ್ಕು ಪಾಕವನ್ನುಂಟುಮಾಡುವುದೆಂದು ಇವರ ಸಮಾಧಾನವು. ವಿಶ್ವನಾಥ ಪಂಚಾನನನ ಭಾಷಾಪರಿಚ್ಛೇದದಲ್ಲಿ ಎರಡು ಪಕ್ಷಗಳೂ ಉಕ್ತವಾಗಿವೆ.

ಈ ವಿಚಾರಕ್ಕೆ ಕರ್ಣಾಟಕದಲ್ಲಿಯೇ ಪ್ರತ್ಯಕ್ಷ ಸಾಮಗ್ರಿಯುಂಟು. ಕೃಷ್ಣೆಯ ಕಡೆಗೆ ದೇವದುರ್ಗವೂ ತುಂಗಭದ್ರೆಯ ಕಡೆಗೆ ಮಾನವಿಯೂ ಇರುವ ರಾಯಚೂರು ಸೀಮೆಯಲ್ಲಿ ಎರೆಮಣ್ಣೂ ಕೆಮ್ಮಣ್ಣೂ ಅಕ್ಕಪಕ್ಕದಲ್ಲಿಯೇ ಕಾಣಬರುವುವು. ಅಶೋಕನ ಹೆಸರುಳ್ಳ ಶಾಸನವು 1915ರಲ್ಲಿ ದೊರೆತ ಮಸ್ಕಿಯು ಈ ಜಿಲ್ಲೆಯದೇ. ಅಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಬೃಹಚ್ಛಿಲಾಯುಗದ ಕಪ್ಪು-ಕೆಂಪು ಪಾತ್ರೆಗಳು ದೊರೆತವು. ಇಂತಹ ಪಾತ್ರೆಯ ಒಳಮೈಯೂ ಅಂಚೂ ಕಪ್ಪು; ಹೊರಮೈ ಕೆಂಪು. ಗಾಳಿಯು ತಗುಲಿದ ಕಡೆ ಮಣ್ಣಿನ ಕಬ್ಬಿಣವು ಆಮ್ಲಜನಕದೊಡನೆ ಕೂಡಿ ಕೆಂಪಾಯಿತು. ಗಾಳಿಯು ತಗುಲದ ಕಡೆ ಇಂಗಾಲವು ಉಳಿದು ಕಪ್ಪಾಯಿತು. ಒಂದೇ ಮಣ್ಣು, ಒಂದೇ ಬೆಂಕಿ, ಎರಡು ವರ್ಣಗಳು.

ಕೆಂಪಿಗೆ ಕಾರಣವಾದ ದ್ರವ್ಯವು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡು. ಹಳದಿ ಮಣ್ಣಿನಲ್ಲಿರುವುದು ಗೋಥೈಟ್. ಜರ್ಮನಿಯ ಕವಿಯಾದ ಗಯಟೆಯ ಹೆಸರನ್ನೇ ಈ ಖನಿಜಕ್ಕೆ ಇಟ್ಟಿರುವರು. ಗೋಥೈಟಿನ ಕಣಗಳು ಬಹುವಾಗಿ ಸೂಜಿಯಂತಿದ್ದು, ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಾದ ನ್ಯಾನೊಮೀಟರಿನಿಂದ ಅಳೆಯತಕ್ಕಷ್ಟು ಸಣ್ಣವು. ಇವುಗಳನ್ನು ಬೆಳಕಿನ ಸೂಕ್ಷ್ಮದರ್ಶಕವು ತೋರಿಸಲಾರದು. 1931ರಲ್ಲಿ ಬರ್ಲಿನ್ನಿನಲ್ಲಿ ಕ್ನೋಲ್ ಮತ್ತು ರುಸ್ಕಾ ಎಂಬವರು ನಿರ್ಮಿಸಿದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಈ ಮಾರ್ಗವು ತೆರೆಯಿತು. ಈಗ ಯಂತ್ರದೊಳಗೇ ತೆಳುವಾದ ಹಾಸಿನ ಮೇಲೆ ಕಣಗಳನ್ನಿರಿಸಿ ಕಾಯಿಸುತ್ತ ಕಾಯಿಸುತ್ತ ನೋಡಬಹುದಾಗಿದೆ.

ಕಾಣುವ ಕ್ರಮವು ಹೀಗಿದೆ. ಸುಮಾರು 250ರಿಂದ 300 ಡಿಗ್ರಿ ಶಾಖದಲ್ಲಿ ಗೋಥೈಟಿನಿಂದ ನೀರು ಹೊರಡುವುದು. ತೂಕದಲ್ಲಿ ನೂರಕ್ಕೆ ಸುಮಾರು 10 ಪಾಲು ಕಳೆಯುವುದು. ಉಳಿದ ಹೆಮಟೈಟು ಮೊದಲಿನದಕ್ಕಿಂತ ಸಾಂದ್ರವಾದುದು. ಆದರೂ ಸೂಜಿಯ ಹೊರ ಆಕಾರವು ಪ್ರಾಯಶಃ ಹಾಗೆಯೇ ನಿಲ್ಲುವುದು. ದ್ರವ್ಯವು ಕಡಮೆಯಾಗಿ ಸಾಂದ್ರತೆ ಹೆಚ್ಚಿದರೂ ಆಕಾರವು ಕುಗ್ಗದಿದ್ದರೆ ಒಳಗೆ ತೆರಪು ಉಂಟಾಗಲೇಬೇಕಷ್ಟೆ. ಅಂತೆಯೇ ಸೂಜಿಯ ತುಂಬ ಸೀಳುಗಳಂತಹ ಸೂಕ್ಷ್ಮರಂಧ್ರಗಳು ಕಾಣುವುವು. ಶಾಖವು ಇನ್ನೂ ಏರಿ 600 ಡಿಗ್ರಿಯನ್ನು ಮೀರಿದರೆ ರಂಧ್ರಗಳು ಮುಚ್ಚಿ, ನೆರೆಯ ಕಣಗಳು ಕತ್ತು ಬೆಸೆದು ಒಂದಾಗುವುವು. ಸಣ್ಣ ಕಣದಲ್ಲಿ ಮೇಲ್ಮೈಯ ಅಣುಗಳ ಪಾಲು ಹೆಚ್ಚಾದುದರಿಂದ ಅದು ದೊಡ್ಡದಕ್ಕಿಂತ ಬೇಗನೆ ಬೆಸೆಯುವುದು. ಕಣವು ಬೆಳೆದಂತೆ ಹೆಮಟೈಟಿನ ಕೆಂಪು ನೇರಳೆಯ ಕಡೆಗೆ ತಿರುಗುವುದು.

ಇಲ್ಲಿ ಒಂದು ಎಚ್ಚರವು ಅವಶ್ಯಕ. ಯಂತ್ರದ ಒಳಭಾಗವು ಸಾಮಾನ್ಯವಾಗಿ ನಿರ್ವಾತವಾದುದು. ಅಲ್ಲಿ ಕಾದ ಹೆಮಟೈಟು ಆಮ್ಲಜನಕವನ್ನು ಬಿಟ್ಟುಕೊಟ್ಟು ಕರಿಯ ಮ್ಯಾಗ್ನಟೈಟ್ ಆಗಬಹುದು. ಎಲೆಕ್ಟ್ರಾನುಗಳ ಧಾರೆಯೂ ಕಣವನ್ನು ಬದಲಿಸಬಲ್ಲುದು. ಆವಿಗೆಯ ಬಾಯಿ ಮುಚ್ಚಿದ ಕುಂಬಾರನಿಗೆ ದೊರೆಯುವ ಫಲವು ತೆರೆದವನಿಗೆ ದೊರೆಯದು. ನೋಡುವವನ ಉಪಕರಣವೂ ಒಂದು ಆವಿಗೆಯೇ ಎಂಬುದನ್ನು ಮರೆಯಲಾಗದು.

ಹಾಗಾದರೆ ಯಾವ ಪಕ್ಷವು ಗೆದ್ದಿತು? ಶಾಸ್ತ್ರದ ಪರಮಾಣುವೂ ರಸಾಯನದ ಪರಮಾಣುವೂ ಒಂದೇ ಅಲ್ಲ. ಪ್ರಾಚೀನರು ಈ ಕಣಗಳನ್ನು ಕಂಡಿದ್ದರೆಂದು ಹೇಳುವುದು ಅವರಿಗೆ ಸಲ್ಲುವ ಗೌರವವಲ್ಲ. ಆದರೆ ಅವರು ಎತ್ತಿದ ಪ್ರಶ್ನೆಯು ಸರಿಯಾದುದು. ಪರಮಾಣುಗಳ ಜೋಡಣೆಯು ಬದಲಾಗುವುದೆಂಬಷ್ಟರ ಮಟ್ಟಿಗೆ ಪೀಲುಪಾಕವಾದಕ್ಕೆ ಅವಕಾಶವುಂಟು. ಆದರೆ ಸೂಜಿಯು ಪೂರ್ಣವಾಗಿ ಚದುರಿ ಪುನಃ ಕೂಡುವುದು ಕಾಣದು. ಆಮ್ಲಜನಕದ ಪದರಗಳ ವಿನ್ಯಾಸವು ಬಹಳಮಟ್ಟಿಗೆ ಉಳಿದು, ಅವಯವಿಯು ನಿಂತಿರುವಂತೆಯೇ ಒಳಗೆ ಪರಿಣಾಮವು ನಡೆಯುವುದು. ಈ ಅಂಶದಲ್ಲಿ ನೈಯಾಯಿಕರ ಮಾತೇ ಸಮೀಪವಾದುದು. ರಂಧ್ರಗಳ ವಿಷಯದಲ್ಲಿ ಮಾತ್ರ ಒಂದು ವ್ಯತ್ಯಾಸವುಂಟು: ಅವರು ಪಾಕಕ್ಕೆ ಕಾರಣವೆಂದುದು ಗೋಥೈಟಿನಲ್ಲಿ ಪಾಕದ ಫಲವಾಗಿದೆ. ಪಾಕಜಪ್ರಕರಣವನ್ನು ಪಾಠಹೇಳುವವರು ಮಸ್ಕಿಯ ಒಂದು ಬೋಕಿಯನ್ನು ಶಿಷ್ಯರ ಮುಂದಿರಿಸಿದರೆ ದೃಷ್ಟಾಂತವು ಪುಸ್ತಕದಿಂದ ಕೈಗೆ ಬಂದೀತು.