ಪಾಠ ಮೊಬೈಲಿಗೆ ಬಂತು, ಮಗಳಿಗೆ ತಲುಪಿತೇ?

ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ನಿಮಗೆ ಹೊಸದೇನಲ್ಲ. ಮಗಳು ಪಾಸಾಗಿದ್ದಾಳೆ, ಅಂಕಗಳೂ ಚೆನ್ನಾಗಿ ಬಂದಿವೆ. ಆದರೆ ‘ಇನ್ನು ಮುಂದೆ?’ ಎಂಬ ಪ್ರಶ್ನೆಗೆ ಅಬ್ಬಾ ಉತ್ತರಿಸುವುದಿಲ್ಲ, ಅಮ್ಮಿ ಅಡುಗೆಮನೆಯಿಂದ ಹೊರಬರುವುದಿಲ್ಲ. ಕೊನೆಗೆ ಯಾರೋ ಒಬ್ಬರು ಹೇಳುತ್ತಾರೆ: “ಈಗೆಲ್ಲ ಆನ್‌ಲೈನ್ ಇದೆಯಲ್ಲ, ಮನೆಯಲ್ಲೇ ಓದಲಿ ಬಿಡಿ.”

ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಮಾತಿಗೆ ತೂಕ ಹೆಚ್ಚು. 2010ರಲ್ಲಿ ಗುಲ್ಬರ್ಗಾದಿಂದ ಬೇರ್ಪಟ್ಟ ಈ ಜಿಲ್ಲೆ 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆಯದಾಗಿತ್ತು. ಒಟ್ಟು ಸುಮಾರು ಶೇ. 52, ಮಹಿಳೆಯರಲ್ಲಿ ಶೇ. 41ರ ಆಸುಪಾಸು. ಇಂತಹ ಕಡೆ ಪಿಯುಸಿ ದಾಟಿದ ಹುಡುಗಿಯೊಬ್ಬಳು ಓದು ನಿಲ್ಲಿಸಿದರೆ ಆಗುವ ನಷ್ಟ ಅವಳೊಬ್ಬಳದಲ್ಲ.

ಮನೆಯಲ್ಲೇ ಓದಲು ದಾರಿಗಳೇನೋ ಇವೆ. ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆ 2017ರಲ್ಲಿ ಆರಂಭವಾಯಿತು. ಅಲ್ಲಿ ಕಾಲೇಜು ಮಟ್ಟದ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರ ಬೇಕಿದ್ದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಕನ್ನಡದಲ್ಲಿ ಪದವಿ ಓದಿಸುತ್ತದೆ. ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ದೂರಶಿಕ್ಷಣ ನೀಡುತ್ತದೆ. ಕಾಲೇಜಿಗೆ ಹೋಗಿ ಪಡೆದ ಪದವಿಗೂ ಮಾನ್ಯತೆಯುಳ್ಳ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಗೂ ಸಮಾನ ಬೆಲೆ ಎಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ‘ಮಾನ್ಯತೆಯುಳ್ಳ’ ಎಂಬ ಪದವನ್ನು ಮಾತ್ರ ಮರೆಯಬೇಡಿ. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆಯೇ ಕೆಲವು ವರ್ಷ ನಿಂತುಹೋಗಿ 2018ರಲ್ಲಿ ಮರಳಿತು. ಆಯೋಗದ ಪಟ್ಟಿಯಲ್ಲಿ ಆ ವರ್ಷ, ಆ ಕೋರ್ಸಿನ ಹೆಸರು ಇದೆಯೇ ಎಂದು ನೋಡಿಯೇ ಹಣ ಕಟ್ಟಿ.

ಇಷ್ಟೆಲ್ಲ ಇದ್ದೂ ಪಾಠ ಮಗಳನ್ನು ತಲುಪುತ್ತದೆಯೇ? ಸುರಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್, ಅದೂ ಅಣ್ಣನ ಜೇಬಿನಲ್ಲಿ. ರಾತ್ರಿ ಅವನು ಬಂದ ಮೇಲೆ ಇವಳ ಸರದಿ. ಒಂದು ಗಂಟೆಯ ವಿಡಿಯೋ ಅರ್ಧಕ್ಕೆ ಬರುವಷ್ಟರಲ್ಲಿ ಆ ದಿನದ ಡೇಟಾ ಮುಗಿಯುತ್ತದೆ. ಮೇಷ್ಟ್ರು ಮಾತನಾಡುತ್ತಿರುವುದು ಇಂಗ್ಲಿಷಿನಲ್ಲಿ. ಇವಳಿಗೆ ದೃಷ್ಟಿಯೂ ಮಂದವೆಂದುಕೊಳ್ಳಿ. ಆಗ ಹಲಗೆಯ ಮೇಲೆ ಬರೆದು “ಇದನ್ನು ನೋಡಿ” ಎನ್ನುವ ಮೇಷ್ಟ್ರು ಇವಳಿಗೆ ಏನನ್ನೂ ಹೇಳಿದಂತಾಗಲಿಲ್ಲ. ಹುಡುಗಿ ದಡ್ಡಿಯಲ್ಲ, ಪಾಠ ಸಿದ್ಧಪಡಿಸುವಾಗ ಅವಳನ್ನು ಯಾರೂ ನೆನೆಯಲಿಲ್ಲ, ಅಷ್ಟೆ.

ಆಸ್ಪತ್ರೆಯ ಮೆಟ್ಟಿಲ ಪಕ್ಕದ ಇಳಿಜಾರನ್ನು ಗಾಲಿಕುರ್ಚಿಗಾಗಿ ಕಟ್ಟುತ್ತಾರೆ. ಮೊಣಕಾಲು ನೋವಿನ ದಾದಿಯೂ ಅದರಲ್ಲೇ ಹತ್ತುತ್ತಾರೆ. ಪಾಠದ ವಿಷಯವೂ ಹಾಗೆಯೇ. ವಿಡಿಯೋದ ಕೆಳಗೆ ಮಾತುಗಳು ಅಕ್ಷರದಲ್ಲಿ ಬಂದರೆ ಕಿವಿ ಕೇಳಿಸದವಳು ಓದುತ್ತಾಳೆ, ಮಡಿಲಲ್ಲಿ ಮಗು ಮಲಗಿಸಿಕೊಂಡ ತಾಯಿಯೂ ಸದ್ದು ನಿಲ್ಲಿಸಿ ಓದುತ್ತಾಳೆ. ಅದೇ ಪಾಠ ಬರೀ ಧ್ವನಿಯಾಗಿ ಸಿಕ್ಕರೆ ಡೇಟಾ ಉಳಿಯುತ್ತದೆ, ಕಣ್ಣು ಕಾಣದವಳೂ ಕೇಳುತ್ತಾಳೆ.

ಕನ್ನಡದ ಪಾಠಗಳಲ್ಲಿ ಇನ್ನೊಂದು ಅಡ್ಡಿ ಇದೆ. ಅದು ಹೊರಗೆ ಕಾಣಿಸುವುದೇ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿರುವ ‘ಟಾಕ್‌ಬ್ಯಾಕ್’ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಕಂಪ್ಯೂಟರಿಗೆ ಇದೇ ಕೆಲಸದ ‘ಎನ್‌ವಿಡಿಎ’ ಇದೆ. ಅದನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭಿಸಿದವರು ಸ್ವತಃ ಕಣ್ಣು ಕಾಣದವರು. ಎರಡಕ್ಕೂ ಕಾಸು ಕೊಡಬೇಕಿಲ್ಲ. ಆದರೆ ‘ನುಡಿ’, ‘ಬರಹ’ದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪುಟ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಂತೆ. ತಂತ್ರಾಂಶ ಅದನ್ನೇ ಓದಿ ಹೇಳಿದರೆ ಕೇಳುವವಳಿಗೆ ಏನು ತಿಳಿದೀತು? ಹಳೆಯ ಇನ್‌ಪೇಜ್‌ನಲ್ಲಿ ಮಾಡಿದ ಉರ್ದು ನೋಟ್ಸ್‌ನ ಗತಿಯೂ ಇದೇ. ಪುಸ್ತಕದ ಪುಟವನ್ನು ಫೋಟೋ ತೆಗೆದು ಕಳಿಸಿದ್ದರಂತೂ ಅದು ಬರೀ ಚಿತ್ರ, ಹೆಚ್ಚಿನ ವೇಳೆ ತಂತ್ರಾಂಶ ಮೂಕವಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ನೋಟ್ಸ್‌ನ ಒಂದು ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸಾಪ್ ಸಂದೇಶದಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ಗೀಚುಗಳು ಬಂದರೆ ಆ ನೋಟ್ಸ್ ಯುನಿಕೋಡ್‌ನಲ್ಲಿ ಇಲ್ಲವೆಂದೇ ಅರ್ಥ. ಯುನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಟೈಪ್ ಮಾಡಿದ ಮೂಲ ಫೈಲ್ ಇದ್ದರೆ ಮೇಷ್ಟ್ರಿಗೆ ಇದು ದೊಡ್ಡ ಕೆಲಸವಲ್ಲ.

ಉಚಿತ ಬೇರೆ, ಮುಕ್ತ ಬೇರೆ ಎಂಬುದೂ ತಿಳಿದಿರಲಿ. ಉಚಿತ ಪಾಠವನ್ನು ನೋಡಬಹುದು. ಮುಕ್ತ ಪರವಾನಗಿಯ ಪಾಠವನ್ನು ಕನ್ನಡಕ್ಕೋ ಉರ್ದುವಿಗೋ ತಂದು, ಓದಿ ಧ್ವನಿಮುದ್ರಿಸಿ ಹಂಚಲೂಬಹುದು. ಕರ್ನಾಟಕದ ಶಾಲಾ ಶಿಕ್ಷಕರಿಗಾಗಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕನ್ನಡದಲ್ಲೇ ಇಂತಹ ಮುಕ್ತ ಸಂಪನ್ಮೂಲಗಳನ್ನು ಬೆಳೆಸಿವೆ. ಕಾಲೇಜು ಪಾಠಗಳಿಗೆ ಇದು ಆಗದು ಎನ್ನಲು ನನಗಂತೂ ಕಾರಣ ಕಾಣುತ್ತಿಲ್ಲ. ಶಹಾಪುರದಲ್ಲಿ ಬಿಎ ಮುಗಿಸಿ ಮನೆಯಲ್ಲಿರುವ ಸೊಸೆಯೊಬ್ಬಳು ದಿನಕ್ಕೆ ಎರಡು ಪುಟ ಓದಿ ಧ್ವನಿಮುದ್ರಿಸಿದರೆ ವರ್ಷದಲ್ಲಿ ಎಷ್ಟಾದೀತು, ಲೆಕ್ಕ ಹಾಕಿ.

ಮನೆಯಲ್ಲಿ ಅಂಗವಿಕಲ ಮಗಳಿದ್ದರೆ ಸಂಕೋಚ ಬಿಟ್ಟು ಕೇಳಿ. 2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳು ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಉಳ್ಳವರಿಗೆ ಮೀಸಲು. ಬರೆಯಲು ತೊಂದರೆ ಇರುವವರಿಗೆ ಬರಹಗಾರರ ನೆರವೂ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವೂ ಸಿಗುವಂತೆ 2018ರ ಮಾರ್ಗಸೂಚಿ ಇದೆ. ಇದಕ್ಕೆ ಯುಡಿಐಡಿ ಕಾರ್ಡನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಸಿಗುವಂಥದ್ದಲ್ಲ.

ಪ್ರವೇಶಕ್ಕೆ ಮೊದಲು ಕೇಳಬೇಕಾದ ಮಾತು ಇನ್ನೂ ಒಂದಿದೆ: ಪರೀಕ್ಷೆ ಎಲ್ಲಿ? ಪಾಠ ಮನೆಯಲ್ಲಾದರೂ ಪರೀಕ್ಷೆಗೆ ಯಾದಗಿರಿಗೋ ಕಲಬುರಗಿಗೋ ಹೋಗಬೇಕಾಗಬಹುದು. ಬಸ್ಸಿನ ಚಿಂತೆ ಈಗ ಅಷ್ಟಿಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಮಗಳ ಜೊತೆ ನೀವೂ ಹೊರಡಿ, ಗುರುತಿನ ಚೀಟಿ ಇಬ್ಬರ ಬಳಿಯೂ ಇರಲಿ.