ಕಯಾಕ್ ದೋಣಿಗೆ ಸಲಕರಣೆ ಹಳಿ: ಮನೆಯಲ್ಲೇ ತಯಾರಿಸುವ ವಿಧಾನ

ಕೆರೆ, ಜಲಾಶಯ ಹಾಗೂ ಅಳಿವೆಗಳಲ್ಲಿ ಗಾಳ ಹಾಕಲು ಪ್ಲಾಸ್ಟಿಕ್ ಕಯಾಕ್ ಬಳಸುವವರಿಗೆ ಗಾಳದ ಕೋಲು, ದೀಪ ಮುಂತಾದವುಗಳನ್ನು ಇರಿಸಿಕೊಳ್ಳುವುದೇ ತೊಡಕು. ದೋಣಿಯ ಅಂಚಿನ ಮೇಲೆ ಸೀಳುಳ್ಳ ಹಳಿಯೊಂದನ್ನು ಅಳವಡಿಸಿದರೆ, ಕೋಲಿನ ಹಿಡಿಕೆಯನ್ನು ಬೇಕಾದೆಡೆಗೆ ಸರಿಸಿ ಬಿಗಿಗೊಳಿಸಬಹುದು. ಆದರೆ ದೋಣಿಯಲ್ಲಿ ಕೊರೆಯುವ ಪ್ರತಿಯೊಂದು ರಂಧ್ರವೂ ನೀರು ನುಗ್ಗಬಲ್ಲ ದಾರಿಯೆಂಬುದನ್ನು ಮರೆಯಬಾರದು.

ಬೇಕಾಗುವ ಸಾಮಗ್ರಿಗಳು (30 ಸೆಂ.ಮೀ. ಉದ್ದದ ಒಂದು ಹಳಿಗೆ)
• 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ: 2
• ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ಕತ್ತರಿಸಿದ 6 ಮಿ.ಮೀ. ದಪ್ಪದ ಪಟ್ಟಿಗಳು: 18 ಮಿ.ಮೀ. ಅಗಲದವು 2, 47 ಮಿ.ಮೀ. ಅಗಲದ್ದು 1
• 5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಲಾಕ್ ನಟ್ ಮತ್ತು ಅಗಲವಾದ ವಾಷರ್: ತಲಾ 6
• ನೈಲಾನ್ ವಾಷರ್ 6, ಬ್ಯುಟೈಲ್ ಟೇಪ್

ತಯಾರಿಸುವ ಕ್ರಮ
1. ಅಗಲವಾದ ಪಟ್ಟಿಯನ್ನು ಅಡಿಯಲ್ಲಿರಿಸಿ, ಅದರ ಎರಡೂ ಅಂಚಿಗೆ 18 ಮಿ.ಮೀ. ಪಟ್ಟಿಗಳನ್ನೂ ಅವುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿಗಳನ್ನೂ ಜೋಡಿಸಿರಿ. ನಡುವೆ ಮೇಲ್ಗಡೆ 7 ಮಿ.ಮೀ. ಸೀಳು, ಒಳಗೆ 11 ಮಿ.ಮೀ. ಅಗಲದ ಕಾಲುವೆ ಉಳಿಯುತ್ತದೆ. 6 ಮಿ.ಮೀ. ಬೋಲ್ಟಿನ ಆರು ಮೂಲೆಯ ತಲೆ ಈ ಕಾಲುವೆಯಲ್ಲಿ ಸರಿಯುತ್ತದೆಯೇ ಹೊರತು ತಿರುಗುವುದಿಲ್ಲ. ಹಿಡಿಕೆಯನ್ನು ಈ ಬೋಲ್ಟಿಗೆ ಬಿಗಿಯಬೇಕು.
2. ಪ್ರತಿ ಬದಿಗೆ 3ರಂತೆ ರಂಧ್ರ ಕೊರೆದು, ಲೋಹದ ಚೂಪು ಅಂಚುಗಳನ್ನು ಅರದಿಂದ ಉಜ್ಜಿರಿ.
3. ನೆಲದ ಮೇಲೆ ಕಯಾಕ್‌ನಲ್ಲಿ ಕುಳಿತು ಹುಟ್ಟು ಹಾಕಿ ನೋಡಿರಿ. ಹುಟ್ಟು ತಾಗದ, ನೀರಿನ ಮಟ್ಟಕ್ಕಿಂತ ಮೇಲಿರುವ, ಒಳಗಿನಿಂದ ಕೈ ಎಟಕುವ ಸಮತಟ್ಟಾದ ಜಾಗವನ್ನೇ ಆರಿಸಿಕೊಳ್ಳಿರಿ.
4. ಹಳಿಯ ಅಡಿಗೆ ಬ್ಯುಟೈಲ್ ಟೇಪ್ ಹಚ್ಚಿ, ಒಳಬದಿಯಲ್ಲಿ ಅಗಲವಾದ ವಾಷರ್ ಇಟ್ಟು ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿರಿ.
5. ಹಿಡಿಕೆಯ ಬೋಲ್ಟನ್ನು ಕಾಲುವೆಗೆ ತೂರಿಸಿದ ನಂತರ ಹಳಿಯ ಎರಡೂ ತುದಿಗಳನ್ನು ಮುಚ್ಚಿರಿ.

ಸಿಲಿಕೋನ್ ಮಾತ್ರ ಸಾಲದು
ಕಯಾಕ್‌ನ ಪಾಲಿಎಥಿಲೀನ್‌ಗೆ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ಆದುದರಿಂದ ರಂಧ್ರವನ್ನು ಅಂಟಿನಿಂದಲ್ಲ, ಒತ್ತಡದಿಂದ ಮುಚ್ಚಬೇಕು. ಬಿಸಿಲಿಗೆ ಈ ಪ್ಲಾಸ್ಟಿಕ್ ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹೀಗಾಗಿ ಒಂದು ಉದ್ದನೆಯ ಹಳಿಗಿಂತ ಎರಡು ಚಿಕ್ಕ ಹಳಿಗಳು ಲೇಸು. ಅಳಿವೆಯ ಉಪ್ಪುನೀರಿನಲ್ಲಿ ಸ್ಟೀಲ್ ತಾಗಿದೆಡೆ ಅಲ್ಯೂಮಿನಿಯಂ ಸವೆಯುವುದರಿಂದ ಬೋಲ್ಟಿನ ತಲೆಯಡಿ ನೈಲಾನ್ ವಾಷರ್ ಹಾಕಬೇಕು. ಬಳಕೆಯ ನಂತರ ಸಿಹಿನೀರಿನಲ್ಲಿ ತೊಳೆಯಬೇಕು.

ಎಚ್ಚರಿಕೆ
ಲಂಗರಿನ ಹಗ್ಗವನ್ನು ಎಂದಿಗೂ ಪಕ್ಕದ ಹಳಿಗೆ ಕಟ್ಟಬಾರದು. ಹರಿವಿನಲ್ಲಿ ಬದಿಯಿಂದ ಎಳೆತ ಬಿದ್ದರೆ ಕಯಾಕ್ ಮಗುಚಿಕೊಳ್ಳುತ್ತದೆ. ಲಂಗರನ್ನು ಮೂತಿಗೆ ಅಥವಾ ಹಿಂತುದಿಗೆ, ದೋಣಿಯಲ್ಲಿ ಅದಕ್ಕೆಂದೇ ಇರುವ ಕೊಂಡಿಗೆ ಕಟ್ಟಿರಿ. ಹಳಿ ಹಗುರ ಸಲಕರಣೆಗಳಿಗೆ ಮಾತ್ರ.

ಮೊದಲ ದಿನ ದಡದ ಬಳಿ, ಮೊಣಕಾಲು ಆಳದ ನೀರಿನಲ್ಲಿ ಒಂದು ಗಂಟೆ ದೋಣಿಯನ್ನು ತೇಲಿಸಿರಿ. ಹಳಿಯ ಮೇಲೆ ನೀರು ಸುರಿದು, ದೋಣಿಯ ಒಳಭಾಗವನ್ನು ಕೈಯಿಂದ ಮುಟ್ಟಿ ನೋಡಿರಿ. ತೇವ ಕಂಡುಬಂದರೆ ಹಳಿ ಬಿಚ್ಚಿ ಹೊಸ ಟೇಪ್ ಹಾಕಿರಿ. ಒಳಭಾಗ ಒಣಗಿದ್ದರೆ ಮಾತ್ರ, ಲೈಫ್ ಜಾಕೆಟ್ ಧರಿಸಿ ಆಳದ ನೀರಿಗೆ ತೆರಳಿರಿ.