ಧ್ರುವನತ್ತ ಮುಖಮಾಡಿದ ಪೀಠ
ಮನೆಯ ದೂರದರ್ಶಕವನ್ನು ನಮ್ಮ ನೆಲಕ್ಕೆ ಹೊಂದಿಸುವ ಬಗೆ

ಮಕ್ಕಳಿಗೊಂದು ದೂರದರ್ಶಕವನ್ನು ಕೊಡಿಸುವ ಮನೆಗಳು ಇಂದು ನಮ್ಮ ಸಣ್ಣ ಊರುಗಳಲ್ಲಿಯೂ ಕಾಣಸಿಗುತ್ತವೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗಲೋ, ಊರಿಗೆ ಬಂದ ಸೋದರಮಾವನ ಉಡುಗೊರೆಯಾಗಿಯೋ ಪೆಟ್ಟಿಗೆ ಮನೆ ಸೇರುತ್ತದೆ. ಮೊದಲ ರಾತ್ರಿ ಚಂದ್ರನ ಕುಳಿಗಳನ್ನು ಕಂಡು ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಮರುದಿನ ಗುರುಗ್ರಹವನ್ನು ಹುಡುಕಿ, ಅಜ್ಜಿಯನ್ನು ಕರೆತಂದು ನಿಲ್ಲಿಸುವಷ್ಟರಲ್ಲಿ ಗ್ರಹವು ನೋಟದಿಂದ ಜಾರಿಹೋಗಿರುತ್ತದೆ. ಒಂದು ತಿರುಪನ್ನು ತಿರುಗಿಸಿದರೆ ಕೊಳವೆ ಓರೆಯಾಗಿ ಓಡುತ್ತದೆ. ಇನ್ನೊಂದನ್ನು ತಿರುಗಿಸಿದರೆ ಮತ್ತೆಲ್ಲಿಗೋ ಹೋಗುತ್ತದೆ. ತಿಂಗಳು ಕಳೆಯುವುದರೊಳಗೆ ಉಪಕರಣವು ಅಟ್ಟ ಸೇರುತ್ತದೆ. ಹಣ ಹೋಯಿತೆಂಬುದು ಸಣ್ಣ ನಷ್ಟ. ಮಗುವಿನ ಕುತೂಹಲವೂ ಅದರೊಡನೆ ಅಟ್ಟ ಸೇರುವುದು ದೊಡ್ಡ ನಷ್ಟ.

ಹಲವು ವೇಳೆ ದೋಷವಿರುವುದು ಮಸೂರದಲ್ಲಲ್ಲ, ಕನ್ನಡಿಯಲ್ಲಲ್ಲ. ಪೀಠವನ್ನು ನಾವು ನಿಂತ ನೆಲಕ್ಕೆ ಹೊಂದಿಸದೆ ಇರುವುದರಲ್ಲಿ. ಹಿರಿಯೂರು ತಾಲ್ಲೂಕಿನ ಧರ್ಮಪುರದಂತಹ ಊರಿನಲ್ಲಿ ಇದನ್ನು ಹೊಂದಿಸುವ ಬಗೆ ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಹೈಸ್ಕೂಲು ಓದುವ ಮಕ್ಕಳು ಹಿರಿಯರ ನೆರವಿನಿಂದ ಇದನ್ನು ಧಾರಾಳವಾಗಿ ಮಾಡಬಲ್ಲರು.

ಪೀಠವೇಕೆ ಓರೆಯಾಗಿದೆ?

ಭೂಮಿಯು ತನ್ನ ಅಕ್ಷದ ಮೇಲೆ 23 ಗಂಟೆ 56 ನಿಮಿಷಗಳಿಗೊಮ್ಮೆ ಸುತ್ತುವುದರಿಂದ ಆಕಾಶವೇ ಗಂಟೆಗೆ 15 ಡಿಗ್ರಿಯಂತೆ ತಿರುಗುವಂತೆ ಕಾಣುತ್ತದೆ. 100 ಪಟ್ಟು ಹಿಗ್ಗಿಸಿ ನೋಡುವಾಗ ಸಾಮಾನ್ಯವಾಗಿ ನಮಗೆ ಕಾಣುವುದು ಅರ್ಧ ಡಿಗ್ರಿ ಅಗಲದ ಆಕಾಶ, ಅಂದರೆ ಸುಮಾರು ಚಂದ್ರಬಿಂಬದಷ್ಟು ಜಾಗ. ಅದರ ಒಂದಂಚಿನಿಂದ ಮತ್ತೊಂದಂಚಿಗೆ ಗ್ರಹವೊಂದು ಎರಡೇ ನಿಮಿಷಗಳಲ್ಲಿ ದಾಟಿಹೋಗುತ್ತದೆ.

ಈ ಓಟವನ್ನು ಹಿಂಬಾಲಿಸಲೆಂದೇ ಈಕ್ವಟೋರಿಯಲ್ ಪೀಠವನ್ನು ರೂಪಿಸಿದ್ದಾರೆ. ಅದರ ಎರಡು ಅಕ್ಷಗಳಲ್ಲಿ ಮೊದಲನೆಯದು ಧ್ರುವಾಕ್ಷ. ಇದನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ, ಅಂದರೆ ಆಕಾಶದ ಉತ್ತರ ಧ್ರುವದತ್ತ ನಿಲ್ಲಿಸಿದರೆ, ಒಂದೇ ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಗ್ರಹವನ್ನು ಎಷ್ಟು ಹೊತ್ತಾದರೂ ನೋಟದಲ್ಲಿ ಇರಿಸಿಕೊಳ್ಳಬಹುದು. ಧ್ರುವದ ಎತ್ತರವು ನಾವಿರುವ ಸ್ಥಳದ ಅಕ್ಷಾಂಶಕ್ಕೆ ಸಮ.

ಜಯಪುರದ ಜಂತರ್ ಮಂತರಿನಲ್ಲಿ ಸವಾಯಿ ಜಯಸಿಂಹನು 18ನೆಯ ಶತಮಾನದಲ್ಲಿ ಕಟ್ಟಿಸಿದ ಸಾಮ್ರಾಟ್ ಯಂತ್ರದ ಇಳಿಜಾರು ಗೋಡೆಯು 27 ಡಿಗ್ರಿ ಓರೆಯಾಗಿರುವುದು ಆ ಊರಿನ ಅಕ್ಷಾಂಶ ಅಷ್ಟಿರುವುದರಿಂದಲೇ. ಅದೇ ಯಂತ್ರವನ್ನು ಧರ್ಮಪುರದಲ್ಲಿ ಕಟ್ಟಿದ್ದರೆ ಇಳಿಜಾರು ಸುಮಾರು 14 ಡಿಗ್ರಿ ಮಾತ್ರ ಇರುತ್ತಿತ್ತು. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಗೊಂಡ ವೇಣು ಬಾಪ್ಪು ದೂರದರ್ಶಕವೂ ಇದೇ ಬಗೆಯ ಪೀಠದ ಮೇಲೆ ನಿಂತಿದೆ. ಅದರ ಅಕ್ಷವು ಸುಮಾರು 12.5 ಡಿಗ್ರಿಯಷ್ಟೇ ಮೇಲೆದ್ದಿದೆ. ದೊಡ್ಡ ವೀಕ್ಷಣಾಲಯಕ್ಕೂ ನಮ್ಮ ಅಂಗಳದ ಪುಟ್ಟ ಉಪಕರಣಕ್ಕೂ ನಿಯಮ ಒಂದೇ.

ನಮ್ಮ ಸೀಮೆಯ ತೊಡಕು

ಮಾರುಕಟ್ಟೆಯಲ್ಲಿ ದೊರೆಯುವ ಹಲವು ಪೀಠಗಳನ್ನು 40–50 ಡಿಗ್ರಿ ಅಕ್ಷಾಂಶದ ದೇಶಗಳನ್ನು ಮನಸ್ಸಿನಲ್ಲಿಟ್ಟು ತಯಾರಿಸಿರುತ್ತಾರೆ. ಕೈಪಿಡಿಯ ಚಿತ್ರಗಳೂ ಹಾಗೆಯೇ. ಚಿತ್ರವನ್ನು ನೋಡಿ ಜೋಡಿಸಿದವರ ಪೀಠವು ಲಂಡನ್ನಿನ ಧ್ರುವವನ್ನು ತೋರಿಸುತ್ತದೆಯೇ ಹೊರತು ಧರ್ಮಪುರದ ಧ್ರುವವನ್ನಲ್ಲ. ಆದ್ದರಿಂದ ಮೊದಲು ಪೀಠದ ಬದಿಯ ಅಕ್ಷಾಂಶದ ಅಳತೆಪಟ್ಟಿಯನ್ನು 14ಕ್ಕೆ ತರಬೇಕು. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳಿಗೂ ಇದೇ ಅಳತೆ ಸಾಕು.

ಇಲ್ಲಿ ಎರಡು ಅಡಚಣೆಗಳು ಎದುರಾಗಬಹುದು. ಕೆಲವು ಪೀಠಗಳ ಅಕ್ಷವು ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ. ಉದಾಹರಣೆಗೆ 18ಕ್ಕೆ ನಿಂತುಬಿಟ್ಟರೆ ಉಳಿದ 4 ಡಿಗ್ರಿಯನ್ನು ಮುಕ್ಕಾಲಿಯನ್ನೇ ಉತ್ತರಕ್ಕೆ ವಾಲಿಸಿ ಸರಿದೂಗಿಸಬೇಕು. ದಕ್ಷಿಣದ ಕಾಲಿಗೂ ಉತ್ತರದ ಕಾಲುಗಳಿಗೂ ನಡುವೆ ಒಂದು ಮೀಟರ್ ಅಂತರವಿದ್ದರೆ ದಕ್ಷಿಣದ ಕಡೆಯನ್ನು ಡಿಗ್ರಿಗೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರಿನಂತೆ, ಒಟ್ಟು 7 ಸೆಂಟಿಮೀಟರ್ ಎತ್ತರಿಸಿದರೆ ಸಾಕು. ಕಾಲುಗಳನ್ನು ಚೆನ್ನಾಗಿ ಅಗಲಿಸಿಟ್ಟು, ಉಪಕರಣವು ಮುಗ್ಗರಿಸದೆಂಬುದನ್ನು ಕೊಳವೆ ಕೂರಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಎರಡನೆಯದು, ಅಕ್ಷವು ಹೀಗೆ ತಗ್ಗಿದಾಗ ಸಮತೂಕದ ಗುಂಡು ಉತ್ತರದ ಕಾಲಿಗೆ ತಾಕುವುದು. ಒಂದು ಕಾಲನ್ನು ದಕ್ಷಿಣಕ್ಕಿಟ್ಟು, ಉಳಿದೆರಡನ್ನು ಈಶಾನ್ಯ, ವಾಯವ್ಯಗಳ ಕಡೆಗೆ ಚಾಚಿದರೆ ಗುಂಡು ಅವೆರಡರ ನಡುವೆ ಸರಾಗವಾಗಿ ಓಡಾಡುತ್ತದೆ.

ಹಗಲಿನಲ್ಲಿ ಮಾಡಬೇಕಾದುದು

ಕತ್ತಲಲ್ಲಿ ತಡಕಾಡುವವರಿಗೆ ಅರ್ಧ ಕೆಲಸವನ್ನು ಹಗಲೇ ಮುಗಿಸಿಕೊಡುತ್ತದೆ. ತಾರಸಿಗಿಂತ ಅಂಗಳ ಇಲ್ಲವೆ ಕಣದ ಗಟ್ಟಿನೆಲ ಮೇಲು. ತಾರಸಿಯ ಮೇಲೆ ಒಬ್ಬರು ನಡೆದರೂ ನೋಟ ನಡುಗುತ್ತದೆ.

ಮೊದಲು ಉತ್ತರ ದಿಕ್ಕು. ದಿಕ್ಸೂಚಿಯ ಮುಳ್ಳು ನಮ್ಮ ಭಾಗದಲ್ಲಿ ನಿಜವಾದ ಉತ್ತರಕ್ಕಿಂತ ಒಂದೆರಡು ಡಿಗ್ರಿ ಮಾತ್ರ ಆಚೀಚೆ ಇರುತ್ತದೆ. ಆದರೆ ಪೀಠದ ಉಕ್ಕಿನ ಬಳಿ ಅದನ್ನು ಹಿಡಿದರೆ ಮುಳ್ಳು ಸುಳ್ಳು ಹೇಳುತ್ತದೆ. ಇದಕ್ಕಿಂತ ನೆಚ್ಚತಕ್ಕದ್ದು ಕಾತ್ಯಾಯನ ಶುಲ್ಬಸೂತ್ರದಲ್ಲಿಯೇ ಹೇಳಿರುವ ಶಂಕುವಿನ ವಿಧಾನ. ಸಮತಟ್ಟಾದ ನೆಲದಲ್ಲಿ ಒಂದು ಅಡಿ ಎತ್ತರದ ನೇರ ಕೋಲನ್ನು ತೂಗುಗುಂಡಿನ ನೆರವಿನಿಂದ ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನು ಕೇಂದ್ರವಾಗಿಟ್ಟುಕೊಂಡು ದಾರದಿಂದ ಒಂದು ಅಡಿ ತ್ರಿಜ್ಯದ ವೃತ್ತವನ್ನು ಬರೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಕ್ಕೆ ಬರುವ ಬಿಂದುವನ್ನೂ, ಮಧ್ಯಾಹ್ನದ ನಂತರ ಹೊರಕ್ಕೆ ಹೋಗುವ ಬಿಂದುವನ್ನೂ ಗುರುತಿಸಿ. ಎರಡನ್ನೂ ಕೂಡಿಸಿದ ಗೆರೆ ಪೂರ್ವಪಶ್ಚಿಮ. ಆ ಗೆರೆಯ ನಡುವಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆಯೇ ಉತ್ತರದಕ್ಷಿಣ. ವರ್ಷದ ಯಾವ ತಿಂಗಳಿನಲ್ಲಿಯೂ ಈ ಅಳತೆ ನಡೆಯುತ್ತದೆ. ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಹಾಯುವುದರಿಂದ ಆಗ ನಡುಹಗಲಿನಲ್ಲಿ ಕೋಲಿನ ನೆರಳೇ ಮಾಯವಾಗುವುದನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ.

ಈ ಗೆರೆಯ ಮೇಲೆ ಮುಕ್ಕಾಲಿಯನ್ನಿಟ್ಟು, ವಾಲಿಸುವ ಅಗತ್ಯವಿಲ್ಲದಿದ್ದರೆ ಗಾರೆಯವರ ರಸಮಟ್ಟದಿಂದ ಸಮಮಾಡಿ, ಧ್ರುವಾಕ್ಷವನ್ನು ಉತ್ತರಕ್ಕೆ ತಿರುಗಿಸಿರಿ. ಬಳಿಕ ತೂಕ ಹೊಂದಿಸುವುದು. ಸಮತೂಕದ ಗುಂಡನ್ನು ಮೊದಲು ಕೂರಿಸಿ, ಆಮೇಲೆ ಕೊಳವೆಯನ್ನು ಏರಿಸಬೇಕು. ಬಿಚ್ಚುವಾಗ ಇದಕ್ಕೆ ವಿರುದ್ಧ ಕ್ರಮ. ಗುಂಡಿನ ಸರಳನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಧ್ರುವಾಕ್ಷದ ಬಿಗಿಯನ್ನು ಮೆಲ್ಲನೆ ಸಡಿಲಿಸಿ ನೋಡಿರಿ. ತಕ್ಕಡಿಯಂತೆ ಯಾವ ಕಡೆಗೂ ವಾಲದೆ ನಿಲ್ಲುವವರೆಗೆ ಗುಂಡನ್ನು ಸರಿಸಿರಿ. ಅನಂತರ ಕೊಳವೆಯನ್ನು ಅದರ ಬಳೆಗಳಲ್ಲಿ ಹಿಂದೆಮುಂದೆ ಜರುಗಿಸಿ ಎರಡನೆಯ ಅಕ್ಷವನ್ನೂ ಹಾಗೆಯೇ ಸರಿದೂಗಿಸಿರಿ.

ಕೊನೆಯದಾಗಿ ಕೊಳವೆಯ ಮೇಲಿನ ಚಿಕ್ಕ ದುರ್ಬೀನು. ದೂರದ ಗುಡ್ಡದ ಮೇಲಿನ ಗಾಳಿಯಂತ್ರದ ತುದಿಯನ್ನೋ ಗೋಪುರದ ಕಳಸವನ್ನೋ ದೊಡ್ಡ ಕೊಳವೆಯ ನಡುವಿಗೆ ತಂದು, ಚಿಕ್ಕ ದುರ್ಬೀನಿನ ಗೆರೆಗಳೂ ಅದರ ಮೇಲೆಯೇ ಕೂಡುವಂತೆ ತಿರುಪುಗಳನ್ನು ಹೊಂದಿಸಿರಿ. ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಸೂರ್ಯನತ್ತ ಕೊಳವೆಯನ್ನಾಗಲಿ ಚಿಕ್ಕ ದುರ್ಬೀನನ್ನಾಗಲಿ ಎಂದಿಗೂ ತಿರುಗಿಸಿ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಹಗಲಿನಲ್ಲಿ ಹಿರಿಯರಿಲ್ಲದೆ ಮಕ್ಕಳನ್ನು ಉಪಕರಣದ ಬಳಿ ಬಿಡಬೇಡಿರಿ.

ರಾತ್ರಿಯ ಹೊಂದಾಣಿಕೆ

ಧ್ರುವ ನಕ್ಷತ್ರವು ಆಕಾಶದಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದುದೆಂಬ ನಂಬಿಕೆಯುಂಟು. ಅದು ಸರಿಯಲ್ಲ, ಸಪ್ತರ್ಷಿಗಳಷ್ಟೇ ಸಾಧಾರಣ ಬೆಳಕಿನ ನಕ್ಷತ್ರವದು. ನಮ್ಮಲ್ಲಿ ಕ್ಷಿತಿಜಕ್ಕೆ ಸಮೀಪವಿರುವುದರಿಂದ ಧೂಳು ಮಂಜುಗಳಲ್ಲಿ ಇನ್ನಷ್ಟು ಮಸುಕಾಗಿರುತ್ತದೆ. ಕೈಯನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ಕ್ಷಿತಿಜದಿಂದ ಒಂದೂವರೆ ಮುಷ್ಟಿಗಿಂತ ತುಸು ಕೆಳಗೆ ಅದನ್ನು ಹುಡುಕಬೇಕು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಸಪ್ತರ್ಷಿ ಮಂಡಲದ ಪುಲಹದಿಂದ ಕ್ರತುವಿನ ಕಡೆಗೆ ಎಳೆದ ಗೆರೆಯನ್ನು ಅವೆರಡರ ಅಂತರದ ಐದು ಪಟ್ಟು ಮುಂದುವರಿಸಿದರೆ ಧ್ರುವ ಸಿಗುತ್ತದೆ. ನವೆಂಬರಿನ ಸಂಜೆಗಳಲ್ಲಿ ಸಪ್ತರ್ಷಿಗಳು ಮುಳುಗಿರುತ್ತಾರೆ. ಆಗ ಐದು ನಕ್ಷತ್ರಗಳ ಕ್ಯಾಸಿಯೋಪಿಯಾ ಪುಂಜವೇ ದಾರಿ ತೋರಬೇಕು.

ಕೊಳವೆಯನ್ನು ಧ್ರುವಾಕ್ಷಕ್ಕೆ ಸಮಾಂತರವಾಗಿ, ಎರಡನೆಯ ಅಕ್ಷದ ಅಳತೆಬಿಲ್ಲೆ 90 ತೋರುವಂತೆ ಇಟ್ಟು ಎರಡೂ ಅಕ್ಷಗಳನ್ನು ಬಿಗಿಮಾಡಿರಿ. ಇನ್ನು ಆ ಅಕ್ಷಗಳನ್ನು ಮುಟ್ಟಕೂಡದು. ಇಡೀ ಪೀಠವನ್ನು ಎಡಬಲಕ್ಕೆ ತುಸುತುಸುವೇ ಹೊರಳಿಸುತ್ತ, ಅಕ್ಷಾಂಶದ ತಿರುಪಿನಿಂದ ಮೇಲೆಕೆಳಗೆ ಮಾಡುತ್ತ, ಧ್ರುವವನ್ನು ಚಿಕ್ಕ ದುರ್ಬೀನಿನ ನಡುವಿಗೆ ತಂದು ಪೀಠವನ್ನು ಬಿಗಿಗೊಳಿಸಿರಿ. ಧ್ರುವ ನಕ್ಷತ್ರವು ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದೆಯಾದರೂ ಕಣ್ಣಿನಿಂದ ನೋಡುವವರಿಗೆ ಈ ವ್ಯತ್ಯಾಸ ತೊಂದರೆ ಕೊಡದು.

ಕೆಲಸ ಮುಗಿದ ಮೇಲೆ ಮುಕ್ಕಾಲಿಯ ಮೂರು ಪಾದಗಳಿರುವಲ್ಲಿ ನೆಲದ ಮೇಲೆ ಬಣ್ಣದ ಗುರುತು ಹಾಕಿರಿ. ಮುಂದಿನ ಸಲ ಅದೇ ಗುರುತುಗಳ ಮೇಲೆ ಇಟ್ಟರೆ ಹೊಂದಾಣಿಕೆಗೆ ಐದು ನಿಮಿಷ ಸಾಕು.

ಧ್ರುವ ಕಾಣದಿದ್ದರೆ

ಉತ್ತರಕ್ಕೆ ತೆಂಗಿನ ತೋಟವೋ ಎದುರುಮನೆಯ ಗೋಡೆಯೋ ಅಡ್ಡವಿದ್ದಲ್ಲಿ ಬೇರೊಂದು ಉಪಾಯವಿದೆ. ನೆತ್ತಿಗಿಂತ ತುಸು ದಕ್ಷಿಣದಲ್ಲಿ ಹಾಯುತ್ತಿರುವ ನಕ್ಷತ್ರವೊಂದನ್ನು ಹಿಡಿದು, ಧ್ರುವಾಕ್ಷದ ತಿರುಪಿನಿಂದ ಮಾತ್ರ ಹತ್ತು ನಿಮಿಷ ಹಿಂಬಾಲಿಸಿರಿ. ಮಹಾವ್ಯಾಧನ ನಡುಪಟ್ಟಿಯ ನಕ್ಷತ್ರಗಳು ಇದಕ್ಕೆ ಬಹು ಅನುಕೂಲ. ನಕ್ಷತ್ರವು ದಕ್ಷಿಣಕ್ಕೆ ಜಾರಿದರೆ ಅಕ್ಷವು ಪೂರ್ವಕ್ಕೆ ವಾಲಿದೆಯೆಂದೂ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ ವಾಲಿದೆಯೆಂದೂ ತಿಳಿದು ಸರಿಪಡಿಸಿರಿ. ಆಮೇಲೆ ಪೂರ್ವದಲ್ಲಿ ಮೇಲೇರುತ್ತಿರುವ ನಕ್ಷತ್ರವೊಂದನ್ನು ಹೀಗೆಯೇ ನೋಡಿರಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ನೋಟದಲ್ಲಿ ದಿಕ್ಕುಗಳು ತಲೆಕೆಳಗಾಗುವುದರಿಂದ ಗೊಂದಲ ಬೇಡ. ಕೊಳವೆಯನ್ನು ಉತ್ತರಕ್ಕೆ ಕೊಂಚ ತಳ್ಳಿದಾಗ ನಕ್ಷತ್ರವು ಯಾವ ಕಡೆ ಸರಿಯುವುದೋ ಅದೇ ದಕ್ಷಿಣ.

ಇನ್ನೂ ಕೊಳ್ಳದವರಿಗೆ

ಇಷ್ಟೆಲ್ಲ ಶ್ರಮವೇಕೆ ಎನ್ನುವವರಿಗೆ ಸರಳ ಮಾರ್ಗವೊಂದಿದೆ. ಜಾನ್ ಡಾಬ್ಸನ್ ಎಂಬವರು 23 ವರ್ಷಕಾಲ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸಂಘದಲ್ಲಿ ಸನ್ಯಾಸಿಯಾಗಿದ್ದವರು. ಅವರು ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ಕೊಳವೆಯನ್ನು ಕೂರಿಸಿ, ಬೀದಿಬದಿಯಲ್ಲಿ ನಿಂತು ಜನಸಾಮಾನ್ಯರಿಗೆ ಆಕಾಶ ತೋರಿಸುತ್ತಿದ್ದರು. ಅವರ ಹೆಸರನ್ನೇ ಹೊತ್ತ ಡಾಬ್ಸೋನಿಯನ್ ಪೀಠವು ಎಡಬಲಕ್ಕೂ ಮೇಲೆಕೆಳಕ್ಕೂ ತಿರುಗುತ್ತದೆ, ಅಷ್ಟೆ. ಅದಕ್ಕೆ ಧ್ರುವದ ಹಂಗಿಲ್ಲ. ಲಡಾಖಿನ ಹಾನ್ಲೆಯಲ್ಲಿದ್ದು ನಮ್ಮ ಹೊಸಕೋಟೆಯಿಂದ ನಿಯಂತ್ರಿಸಲ್ಪಡುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವೂ ಹೀಗೆಯೇ ತಿರುಗುವುದು. ಅಲ್ಲಿ ಎರಡೂ ಅಕ್ಷಗಳನ್ನು ಗಣಕಯಂತ್ರ ನಡೆಸುತ್ತದೆ, ಇಲ್ಲಿ ನಮ್ಮ ಕೈ. ಚಿಕ್ಕ ಮಕ್ಕಳಿರುವ ಮನೆಗೆ ಇದು ತಕ್ಕುದು. ಆದರೆ ಈಗಾಗಲೇ ಓರೆಪೀಠ ಮನೆಯಲ್ಲಿದ್ದರೆ ಅದನ್ನು ಅಟ್ಟಕ್ಕೇರಿಸುವುದು ತರವಲ್ಲ.

ಧ್ರುವವು ಇಲ್ಲಿ ತಗ್ಗಿನಲ್ಲಿದೆಯೆಂದು ಕೊರಗಬೇಕಾದುದಿಲ್ಲ. ಧ್ರುವ ತಗ್ಗಿದಷ್ಟೂ ದಕ್ಷಿಣದ ಆಕಾಶ ನಮಗೆ ಹೆಚ್ಚಾಗಿ ತೆರೆದುಕೊಳ್ಳುತ್ತದೆ. ಲಂಡನ್ನಿನವರಿಗೆ ಎಂದೂ ಕಾಣದ ಅಗಸ್ತ್ಯವೂ ತ್ರಿಶಂಕುವೂ ನಮ್ಮ ಕಣದಿಂದಲೇ ಕಾಣುತ್ತವೆ. ಮಳೆಯನ್ನು ಕಾದು ಕಾದು ಸೋಲುವ ಈ ಸೀಮೆಗೆ ಮೋಡವಿಲ್ಲದ ರಾತ್ರಿಗಳ ಕೊರತೆಯೂ ಇಲ್ಲ. ಪೀಠವನ್ನು ಹೊಂದಿಸಿದ ಮೇಲೆ ಮೊದಲಿಗೆ ವಸಿಷ್ಠ, ಅರುಂಧತಿಯರತ್ತ ಕೊಳವೆಯನ್ನು ತಿರುಗಿಸಿರಿ. ಮದುವೆಯ ದಿನ ಕತ್ತೆತ್ತಿ ನೋಡಿದ ಆ ಜೋಡಿಯಲ್ಲಿ ವಸಿಷ್ಠನೊಬ್ಬನೇ ಎರಡು ನಕ್ಷತ್ರಗಳಾಗಿ ಬೇರ್ಪಡುವುದು ದೂರದರ್ಶಕದಲ್ಲಿ ಸ್ಪಷ್ಟವಾಗಿ ತೋರುತ್ತದೆ. ಅಜ್ಜಿಯನ್ನೂ ಕರೆಯಿರಿ, ಒಂದು ತಿರುಪನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ, ಅವರು ಸಾವಕಾಶವಾಗಿ ಬಂದು ನೋಡುವವರೆಗೂ ನಕ್ಷತ್ರವು ಅಲ್ಲಿಯೇ ಇರುತ್ತದೆ.